ಉಪ್ಪಿನ ಟೆಂಪೊದಲ್ಲಿ ಮುಗಿದ ಇನ್ನೂರು ಕಿಲೋಮೀಟರು

ಗದಗಿನ ಕಾಕಾ ಕಾರವಾರಕ್ಕೆ ಬಂದಿಳಿದ ಸಂಜೆ ಮೊಬೈಲಿನಲ್ಲಿ ಉಷ್ಣಾಂಶ ನೋಡಿ ನಕ್ಕರು. "ಮೂವತ್ತನಾಲ್ಕೇ? ಇಷ್ಟಕ್ಕೆ ನಮ್ಮಲ್ಲಿ ಫ್ಯಾನು ಕೂಡ ಹಾಕುವುದಿಲ್ಲ, ತಮ್ಮಾ." ಐವತ್ತಾರರ ಕಾಕಾ ನಲವತ್ತರ ಬಿಸಿಲಿನಲ್ಲಿ ಲಕ್ಕುಂಡಿಯವರೆಗೆ ಸೈಕಲ್ ತುಳಿದು ಬಂದು ಮನೆಯಲ್ಲಿ ಊಟಕ್ಕೆ ಕೂರುವ ಆಸಾಮಿ. ಹೇಳುವಷ್ಟರಲ್ಲಿ ಮೂರು ಸಲ ಟವೆಲಿನಿಂದ ಕತ್ತು ಒರೆಸಿಕೊಂಡರು. ಟವೆಲು ಒದ್ದೆಯಾಯಿತೇ ಹೊರತು ಕತ್ತು ಒಣಗಲಿಲ್ಲ.

"ಹವಾಮಾನ ಇಲಾಖೆಯವರು ಬಯಲಿನಲ್ಲಿ ಬಿಸಿಗಾಳಿ ಎನ್ನಬೇಕಾದರೆ ಕನಿಷ್ಠ 40 ಡಿಗ್ರಿ ಆಗಬೇಕು, ಕರಾವಳಿಗೆ 37 ಸಾಕು. ಆ ಮೂರು ಡಿಗ್ರಿ ರಿಯಾಯಿತಿ ಯಾಕೆ ಎಂಬುದು ನಾಳೆ ಗೊತ್ತಾಗುತ್ತದೆ," ಎಂದರು ಅಂಕೋಲಾದ ಮಾಸ್ತರರು. ಕಾಕಾ ಮತ್ತೆ ನಕ್ಕರು.

ಮೇ ತಿಂಗಳಲ್ಲಿ ಸೈಕಲ್ ತುಳಿಯಲು ಹೊರಟವರಿಗೆ ಬುದ್ಧಿ ಇಲ್ಲ ಎಂದು ನೀವು ಹೇಳುವ ಮೊದಲೇ ನನ್ನ ಆಯಿ ಹೇಳಿದ್ದಾಳೆ. ಜನವರಿಗೆ ಗೊತ್ತು ಮಾಡಿದ್ದ ಸವಾರಿ ಅದು. ಒಬ್ಬರ ಮಗಳ ಮದುವೆ, ಇನ್ನೊಬ್ಬರ ಕಚೇರಿಯ ಲೆಕ್ಕಪರಿಶೋಧನೆ, ಮಾಸ್ತರರ ಪರೀಕ್ಷೆಯ ಕೆಲಸ ಎಂದು ಜಾರುತ್ತ ಜಾರುತ್ತ ಮೇ ಮೊದಲ ಭಾನುವಾರಕ್ಕೆ ಬಂದು ನಿಂತಿತ್ತು. ಒಟ್ಟು ಒಂಬತ್ತು ಜನ. ದೂರಸವಾರಿಯವರಲ್ಲಿ 'ಬ್ರೆವೆ' ಎಂದು ಒಂದು ಪದ್ಧತಿಯಿದೆ, ಫ್ರಾನ್ಸಿನಿಂದ ಬಂದದ್ದು. ಅದರಲ್ಲಿ ಗೆಲುವು ಸೋಲು ಇಲ್ಲ. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು, ಅಷ್ಟೆ. ನಾವು ಯಾವ ಸಂಸ್ಥೆಯಲ್ಲೂ ಹೆಸರು ನೋಂದಾಯಿಸಿರಲಿಲ್ಲ. ಆ ನಿಯಮವನ್ನು ಮಾತ್ರ ಎರವಲು ತಂದುಕೊಂಡು, ರಟ್ಟಿನ ಕಾರ್ಡಿನ ಮೇಲೆ ಊರುಗಳ ಹೆಸರು ಬರೆದುಕೊಂಡಿದ್ದೆವು. ಕಾರವಾರದಿಂದ ಹೊನ್ನಾವರ ಸುಮಾರು 90. ಹಿಂತಿರುಗುವಾಗ ಮಾದನಗೇರಿಯಲ್ಲಿ ಹೆದ್ದಾರಿ ಬಿಟ್ಟು ಗೋಕರ್ಣಕ್ಕೆ ಹೋಗಿ ಬಂದರೆ ಇನ್ನೂರು ಭರ್ತಿ. ಬೆಳಗಿನ ನಾಲ್ಕಕ್ಕೆ ಹೊರಟವರು ಸಂಜೆ ಐದೂವರೆಯೊಳಗೆ ಕಾರವಾರ ಸೇರಬೇಕು.

ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಬರುವಾಗ ಆಯಿ ಒಂದು ಬಾಟಲಿಯಲ್ಲಿ ಮುರುಗಲು ಸಿಪ್ಪೆಯ ಶರಬತ್ತು, ಇನ್ನೊಂದರಲ್ಲಿ ಅಪ್ಪೆಹುಳಿ ತುಂಬಿಸಿ ಕೊಟ್ಟಿದ್ದಳು. ಇಂಗಿನ ಒಗ್ಗರಣೆ ಹಾಕಿದ ಮಾವಿನಕಾಯಿ ನೀರನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೊರಟವನನ್ನು ಕಂಡು ಕಾರವಾರದ ಹುಡುಗರು ದಾರಿಯುದ್ದಕ್ಕೂ "ಊಟ ಎಷ್ಟು ಗಂಟೆಗೆ?" ಎಂದು ಕೇಳುತ್ತಿದ್ದರು. ಅವರ ಬಾಟಲಿಗಳಲ್ಲಿ ಬಣ್ಣದ ಪುಡಿ ಕರಗಿಸಿದ ನೀರಿತ್ತು.

ಬಿಣಗಾದ ಸುರಂಗ ದಾಟಿ ಅರಗಾ, ತೋಡೂರು, ಅಮದಳ್ಳಿ. ಕತ್ತಲಲ್ಲಿ ಮುಂದಿನವನ ಕೆಂಪು ದೀಪ ಬಿಟ್ಟರೆ ಬೇರೇನೂ ಕಾಣದು. ಗುಡ್ಡದ ಕಡೆಯಿಂದ ಸಣ್ಣಗೆ ಗಾಳಿ ಬರುತ್ತಿತ್ತು, ಅದರಲ್ಲಿ ಗೇರುಹಣ್ಣಿನ ಹುಳಿವಾಸನೆ. ಆ ಹೊತ್ತಿನಲ್ಲೂ ಮೊಣಕೈಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಅಂಕೋಲಾ ತಲುಪಿದಾಗ ಐದೂ ಮುಕ್ಕಾಲು. ಆಗಷ್ಟೇ ಬಾಗಿಲು ತೆಗೆದ ಹೋಟೆಲಿನಲ್ಲಿ ಬನ್ಸ್ ತಿನ್ನುತ್ತ ಮಾಸ್ತರರು 1930ರ ಉಪ್ಪಿನ ಸತ್ಯಾಗ್ರಹದ ಕಥೆ ತೆಗೆದರು. ಕರ್ನಾಟಕದ ಬಾರ್ಡೋಲಿ ಎಂದು ಹೆಸರು ಪಡೆದ ಊರು ಇದು. ಅಂಕೋಲಾದವರ ಜೊತೆ ಚಹಾ ಕುಡಿದರೆ ಈ ಕಥೆ ಕೇಳಲೇಬೇಕು. ಮಾವಿನ ಕಾಲವಾದರೆ ಕರಿ ಇಶಾಡಿನ ಹೊಗಳಿಕೆ ಬೇರೆ. ಕಾಕಾ ಎರಡು ಬನ್ಸ್ ಹೆಚ್ಚಿಗೆ ತಿಂದು, ಉಪ್ಪಿನ ವಿಷಯಕ್ಕೆ ಗಮನ ಕೊಡದೆ, ಎಲ್ಲರಿಗಿಂತ ಮೊದಲು ಎದ್ದರು.

ಶಿರೂರಿನಲ್ಲಿ ಬೆಳಕಾಯಿತು. ಎಡಕ್ಕೆ ಗುಡ್ಡ, ಬಲಕ್ಕೆ ಗಂಗಾವಳಿ. 2024ರ ಜುಲೈಯಲ್ಲಿ ಈ ಗುಡ್ಡವೇ ಹೆದ್ದಾರಿಯ ಮೇಲೆ ಜಾರಿ, ರಸ್ತೆ ಬದಿಯ ಚಹಾದಂಗಡಿಯನ್ನೂ ಅಲ್ಲಿದ್ದವರನ್ನೂ ನದಿಗೆ ತಳ್ಳಿದ್ದು. ಅಲ್ಲಿಯವರೆಗೆ ಹರಟೆ ಹೊಡೆಯುತ್ತಿದ್ದ ಸಾಲು ಮಾತಿಲ್ಲದೆ ದಾಟಿತು. ನದಿ ಬೇಸಿಗೆಯ ನದಿ, ಅಲ್ಲಾಡುತ್ತಲೂ ಇರಲಿಲ್ಲ.

ಕುಮಟಾ, ಧಾರೇಶ್ವರ, ಹಳದೀಪುರ, ಕರ್ಕಿ. ಇವುಗಳ ಬಗ್ಗೆ ಬರೆಯಲು ಏನೂ ಇಲ್ಲ, ಏಕೆಂದರೆ ಎಲ್ಲವೂ ಸುಸೂತ್ರವಾಗಿತ್ತು. ಕಾಕಾ ಉದ್ದಕ್ಕೂ ಮುಂದೆ. ನಾವು ಹೊನ್ನಾವರ ಮುಟ್ಟುವಾಗ ಅವರು ಎರಡನೆಯ ಎಳನೀರು ಕುಡಿಯುತ್ತಿದ್ದರು. ಅಲ್ಲಿಂದ ರಾಮತೀರ್ಥಕ್ಕೆ ಹೋಗಿ, ಗುಡ್ಡದಿಂದ ಬರುವ ನೀರಿನ ಧಾರೆಗೆ ತಲೆಕೊಟ್ಟು ನಿಂತೆವು. ಹಿಂದಲೆಗೆ ಬಿದ್ದ ನೀರು ಬೆನ್ನಹುರಿಯಲ್ಲಿ ಇಳಿದು ಹಿಮ್ಮಡಿ ಮುಟ್ಟುವವರೆಗಿನ ಆ ಸುಖಕ್ಕೆ ಮುಕ್ಕಾಲು ಗಂಟೆ ಕೊಟ್ಟದ್ದು ತಪ್ಪು ಎಂದು ಆಮೇಲೆ ಗುಂಪಿನಲ್ಲಿ ಜಗಳವಾಯಿತು. ನಾನಂತೂ ಒಪ್ಪುವುದಿಲ್ಲ. ನೀರಿನಿಂದ ಹೊರಗೆ ಬಂದು ಹತ್ತು ನಿಮಿಷಕ್ಕೆ ಮೈ ಮತ್ತೆ ಹಾಗೆಯೇ ಅಂಟಂಟಾಯಿತು ಎಂಬುದು ಮಾತ್ರ ನಿಜ.

ಹತ್ತೂ ಕಾಲಿಗೆ ಮುಖ ತಿರುಗಿಸಿದೆವು. ಸಮುದ್ರದ ಗಾಳಿ ಏಳುವ ಹೊತ್ತು. ಬೇಸಿಗೆಯಲ್ಲಿ ನೆಲ ಕಾದ ಮೇಲೆ ವಾಯವ್ಯದ ಕಡೆಯಿಂದ ಬೀಸುವ ಈ ಗಾಳಿ ಉತ್ತರಕ್ಕೆ ಹೋಗುವವರ ಎದೆಗೇ ಬಡಿಯುತ್ತದೆ. ಆದರೂ ಅದನ್ನು ಬೈಯುವ ಹಾಗಿರಲಿಲ್ಲ. ಎದುರುಗಾಳಿ ಇರುವಷ್ಟು ಹೊತ್ತು ಬೆವರು ಅಲ್ಪಸ್ವಲ್ಪ ಆರುತ್ತದೆ. ಗುಡ್ಡ ಅಡ್ಡ ಬಂದು ಗಾಳಿ ನಿಂತ ಏರುಗಳಲ್ಲಿ, ಗಂಟೆಗೆ ಎಂಟು ಕಿಲೋಮೀಟರಿನ ನಡಿಗೆಯಲ್ಲಿ, ಅಕ್ಕಿ ಬೇಯುವ ಚರಿಗೆಯೊಳಗೆ ಕುಳಿತ ಹಾಗಾಗುತ್ತಿತ್ತು.

ಇಲ್ಲಿಯ ಜನ 'ಬಿಸಿಲು' ಎನ್ನುವುದು ಕಡಿಮೆ, 'ಸೆಕೆ' ಎನ್ನುವುದೇ ಹೆಚ್ಚು. ಬಿಸಿಲು ಮೇಲಿನಿಂದ ಬರುತ್ತದೆ, ಮರದ ಕೆಳಗೆ ಹೋದರೆ ತಪ್ಪುತ್ತದೆ. ಸೆಕೆ ಮರದ ಕೆಳಗೂ ಇರುತ್ತದೆ. ಪೆಡಲ್ ತುಳಿಯುವವನ ಮೈ ಸುಡುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಕಾಲುಭಾಗ ಮಾತ್ರ ಚಕ್ರಕ್ಕೆ ಹೋಗುತ್ತದೆ, ಉಳಿದ ಮುಕ್ಕಾಲು ಬಿಸಿಯಾಗಿ ಮೈಯಲ್ಲೇ ಉಳಿಯುತ್ತದೆ. ಅದನ್ನು ಹೊರಗೆ ಹಾಕಲು ಇರುವ ಮುಖ್ಯ ದಾರಿ ಬೆವರು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೊಕ್ಯಾಲರಿ ಬಿಸಿಯನ್ನು ಕೊಂಡೊಯ್ಯುತ್ತದೆ. ಆವಿಯಾದರೆ! ತೇವ ತುಂಬಿದ ಗಾಳಿಯಲ್ಲಿ ಅದು ಆವಿಯಾಗದೆ ಬರೀ ಸುರಿಯುತ್ತದೆ. ಗದಗಿನ ಒಣಗಾಳಿಯಲ್ಲಿ ಕಾಕಾನ ಬೆವರು ಕಣ್ಣಿಗೆ ಕಾಣುವ ಮೊದಲೇ ತನ್ನ ಕೆಲಸ ಮುಗಿಸಿ ಹೋಗುತ್ತಿತ್ತು, ಇಲ್ಲಿ ಜೆರ್ಸಿಯ ತುದಿಯಿಂದ ಸೀಟಿಗೆ, ಸೀಟಿನಿಂದ ರಸ್ತೆಗೆ ದಂಡವಾಗಿ ಇಳಿಯುತ್ತಿತ್ತು. ಮೈ ಮಾತ್ರ ಕಾಯುತ್ತಲೇ ಇತ್ತು.

ಕುಮಟಾದಲ್ಲಿ ಕಾಕಾ ಮೂರನೆಯ ಮತ್ತು ನಾಲ್ಕನೆಯ ಎಳನೀರು ಕುಡಿದರು. ನಾನು ಅಪ್ಪೆಹುಳಿ ಚಾಚಿದೆ. "ಊಟಕ್ಕೆ ಇರಲಿ" ಎಂದರು. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಶಿಯಂ ಧಾರಾಳ, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ, ಎಂದರೆ ಉಪ್ಪು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಒತ್ತಾಯ ಮಾಡಲಿಲ್ಲ. ಹಿರಿಯರು, ಮುಂದೆ ಓಡುವವರು, ಅವರಿಗೆ ನಾನೇನು ಹೇಳುವುದು ಎಂಬ ಸಂಕೋಚ.

ಕರಿಮೆಣಸಿನ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಕೂಡಿಕೊಂಡಿರುವ ಮಿರ್ಜಾನಿನ ಕೋಟೆಯನ್ನು ಯಾರೂ ತಿರುಗಿ ನೋಡಲಿಲ್ಲ. ಅದಕ್ಕೂ ಮೊದಲೇ, ಅಘನಾಶಿನಿಯ ಸೇತುವೆಯ ಮೇಲೆ, ಕಾಕಾ ಮೊದಲ ಬಾರಿಗೆ ಹಿಂದೆ ಬಿದ್ದಿದ್ದರು. ನಾನು ನಿಧಾನಿಸಿ ಜೊತೆಯಾದೆ. ಏನು ಕೇಳಿದರೂ ಉತ್ತರವಿಲ್ಲ, ತಲೆಯಾಡಿಸುವುದಷ್ಟೆ. ದಣಿದಿರಬೇಕು ಎಂದುಕೊಂಡೆ. ಆಮೇಲೆ ಅವರ ಮುಂಗೈ ಕಣ್ಣಿಗೆ ಬಿತ್ತು. ಮಧ್ಯಾಹ್ನ ಹನ್ನೆರಡೂ ಕಾಲು, ಟಾರು ಕಾದು ಮೆತ್ತಗಾಗಿದೆ, ಆ ಕೈಯ ಮೇಲೆ ಕೂದಲು ನಿಮಿರಿ ನಿಂತಿತ್ತು. ಚಳಿಗೆ ಏಳುವಂಥ ಮುಳ್ಳು. ಅದನ್ನು ನೋಡಿದ ಕ್ಷಣ ನನ್ನ ಹೊಟ್ಟೆಯೊಳಗೆ ಏನೋ ಕುಸಿಯಿತು.

ಹಿರೇಗುತ್ತಿಯ ಹತ್ತಿರ ರಸ್ತೆಗೆ ತಾಗಿದ ಒಂದು ಹೆಂಚಿನ ಮನೆಯ ಮುಂದೆ ಸೈಕಲ್ ನಿಲ್ಲಿಸಿದೆವು ಎನ್ನುವುದಕ್ಕಿಂತ ಕಾಕಾನೇ ಸೈಕಲ್ಲಿನಿಂದ ಬಾಗಿದರು, ಮಾಸ್ತರರು ಹಿಡಿದುಕೊಂಡರು. ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದ ಅಮ್ಮ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ಚಿಟ್ಟೆಯ ಮೇಲೆ ಮಲಗಿಸಿ, ಕಾಲು ಮೇಲಿರಲಿ" ಎಂದು ಜಗಲಿಯ ಕಟ್ಟೆ ತೋರಿಸಿ ಬಾವಿಗೆ ಹೋದರು. ಹೆಲ್ಮೆಟ್, ಶೂ, ಜೆರ್ಸಿ ತೆಗೆದೆವು. ಮಾಸ್ತರರು ಬಿಂದಿಗೆಯಿಂದ ಎದೆಗೆ, ಕತ್ತಿಗೆ, ಕಂಕುಳಿಗೆ ನೀರು ಹೊಯ್ಯುವುದು, ನಾನು ಅಡಿಕೆ ಹಾಳೆಯಿಂದ ಗಾಳಿ ಹಾಕುವುದು. "ನಿಮ್ಮ ಹೆಸರೇನು? ಇವತ್ತು ಯಾವ ವಾರ?" ಎಂದು ಮಾಸ್ತರರು ತರಗತಿಯಲ್ಲಿ ಕೇಳುವಂತೆ ಕೇಳುತ್ತಿದ್ದರು. ಮೈ ಬಿಸಿಯೇರಿದವನು ತಪ್ಪು ಉತ್ತರ ಕೊಡಲು ಶುರುಮಾಡಿದರೆ ಆಸ್ಪತ್ರೆ ಬಿಟ್ಟು ಬೇರೆ ದಾರಿಯಿಲ್ಲ. ಕಾಕಾ ಐದನೆಯ ನಿಮಿಷಕ್ಕೆ ಕಣ್ಣು ಬಿಟ್ಟು, "ಭಾನುವಾರ. ನನ್ನನ್ನು ನಾಲ್ಕನೆಯ ಇಯತ್ತೆಗೆ ಹಾಕಬೇಡಿ," ಎಂದರು. ಅಷ್ಟು ಸಾಕಾಯಿತು.

ಅಮ್ಮ ಕುಚ್ಚಲಕ್ಕಿ ಗಂಜಿಯ ತಿಳಿಯನ್ನು ಕಂಚಿನ ಬಟ್ಟಲಿನಲ್ಲಿ ತಂದರು. ಪಕ್ಕದಲ್ಲಿ ಮಾವಿನಮಿಡಿ. "ಉಪ್ಪು ಸ್ವಲ್ಪ ಮುಂದೆ ಹಾಕಿದ್ದೇನೆ, ಸುಮ್ಮನೆ ಕುಡಿಯಿರಿ." ಆಸ್ಪತ್ರೆಗಳಲ್ಲಿ ಕೊಡುವ ಓಆರ್‌ಎಸ್‌ ಪೊಟ್ಟಣದಲ್ಲಿ ಒಂದು ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್ ಇರುತ್ತದೆ. ಕರುಳು ಉಪ್ಪನ್ನು ಒಳಗೆ ಸೇರಿಸಿಕೊಳ್ಳಲು ಸಕ್ಕರೆಯ ಜೊತೆ ಬೇಕು. ಗಂಜಿಯ ಪಿಷ್ಟ ಒಡೆದರೂ ಸಿಗುವುದು ಅದೇ ಸಕ್ಕರೆ. ಕಾಕಾ ಮೊದಲ ಬಟ್ಟಲನ್ನು ಗುಟುಕು ಗುಟುಕಾಗಿ, ಎರಡನೆಯದನ್ನು ಮಿಡಿ ಕಚ್ಚುತ್ತ ಕುಡಿದರು. ಮೂರನೆಯದರ ಹೊತ್ತಿಗೆ ಅವರಾಗಿಯೇ ಅಪ್ಪೆಹುಳಿ ಎಲ್ಲಿ ಎಂದು ಕೇಳಿದರು. ಅದು ನನ್ನ ಹೊಟ್ಟೆ ಸೇರಿ ಅರ್ಧ ಗಂಟೆಯಾಗಿತ್ತು.

ಉಳಿದ ಆರು ಜನರನ್ನು ಮುಂದೆ ಹೋಗಲು ಹೇಳಿದೆವು. ಕಾಕಾನನ್ನು ನೋಡಿಕೊಳ್ಳಲು ನಾನು ಉಳಿದೆ ಎಂದು ಶಿರಸಿಯಲ್ಲಿ ಎಲ್ಲರಿಗೂ ಹೇಳಿಕೊಂಡಿದ್ದೇನೆ. ಅದಕ್ಕೆ ಮಾಸ್ತರರೊಬ್ಬರೇ ಸಾಕಾಗಿತ್ತು. ಚಿಟ್ಟೆಯ ತಣ್ಣನೆಯ ಸಿಮೆಂಟಿಗೆ ಬೆನ್ನು ತಾಗಿಸಿದ ಮೇಲೆ ನನ್ನ ಕಾಲುಗಳು ಏಳಲು ಒಪ್ಪಲಿಲ್ಲ, ನೆಪ ಕೈಯಲ್ಲೇ ಇತ್ತು.

ಮೂರೂವರೆಗೆ ಮಾಸ್ತರರ ಹಳೆಯ ವಿದ್ಯಾರ್ಥಿಯೊಬ್ಬ ಸರಕಿನ ಟೆಂಪೊ ತಂದ. ಅವನು ಹೇಗೂ ಗೋಕರ್ಣದ ಹತ್ತಿರದ ಸಾಣಿಕಟ್ಟಾಕ್ಕೆ ಹೋಗಿ ಉಪ್ಪು ತುಂಬಿಕೊಂಡು ಕಾರವಾರದ ಒಣಮೀನಿನ ವ್ಯಾಪಾರಿಗೆ ಮುಟ್ಟಿಸಬೇಕಿತ್ತು. ಅಮ್ಮನಿಗೆ ದುಡ್ಡು ಕೊಡಲು ಹೋಗಿ ಬೈಸಿಕೊಂಡು, ಮೂರು ಸೈಕಲ್ ಹಿಂದೆ ಹಾಕಿ, ಹತ್ತಿ ಕುಳಿತೆವು. ಹೀಗೆ ಕಾರ್ಡಿನಲ್ಲಿದ್ದ ಗೋಕರ್ಣದ ದಾರಿಗೆ ನಾವೂ ಹೊರಳಿದೆವು, ಪೆಡಲ್ ಇಲ್ಲದೆ.

ಸಾಣಿಕಟ್ಟಾದ ಉಪ್ಪಿನ ಆಗರ ಎಂದರೆ ಕನ್ನಡಿಯ ಚೂರುಗಳನ್ನು ಸಾಲಾಗಿ ಜೋಡಿಸಿದ ಬಯಲು. ಭರತದ (ಉಬ್ಬರದ) ನೀರನ್ನು ಒಳಗೆ ಬಿಟ್ಟುಕೊಂಡು, ಒಂದು ಪಾತಿಯಿಂದ ಇನ್ನೊಂದಕ್ಕೆ ಹರಿಸಿ ದಪ್ಪ ಮಾಡುತ್ತ, ಕೊನೆಯ ಪಾತಿಯಲ್ಲಿ ಹರಳುಗಟ್ಟಲು ಬಿಡುತ್ತಾರೆ. ನನ್ನ ಬೆವರನ್ನು ಇಡೀ ದಿನ ಆರಿಸಲಾಗದ ಅದೇ ಗಾಳಿ ಇಲ್ಲಿ ಸಮುದ್ರವನ್ನು ಒಣಗಿಸುತ್ತಿತ್ತು. ಅನ್ಯಾಯ ಅನ್ನಿಸಿತು. ವಾರಗಟ್ಟಲೆ ಕಾಯುವ ನೀರಿಗೂ ಹದಿಮೂರೂವರೆ ಗಂಟೆಯ ಮನುಷ್ಯನಿಗೂ ಹೋಲಿಕೆಯೇ ಎಂದು ಆಮೇಲೆ ಹೊಳೆಯಿತು. ಬಯಲಿನಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ. ಕೆಲಸದವರೆಲ್ಲ ಹಂಚಿನ ಕೊಟ್ಟಿಗೆಯ ನೆರಳಿನಲ್ಲಿ ಕುಳಿತಿದ್ದರು. ನಸುಕಿನಲ್ಲಿ ಬಂದು, ಬಿಸಿಲು ಏರುವ ಮೊದಲು ಬಳಿದು ಗುಡ್ಡೆ ಹಾಕಿದ್ದಾಗಿತ್ತು. ಇನ್ನು ಬಿಸಿಲು ಇಳಿದ ಮೇಲೆ ಹೊರುವುದು. ನಮ್ಮ ಕಥೆ ಕೇಳಿದ ಮುದುಕರೊಬ್ಬರು, "ಮಧ್ಯಾಹ್ನ ಉಪ್ಪು ಕೆಲಸ ಮಾಡಬೇಕು, ನಾವು ಮಲಗಬೇಕು. ನೀವು ಓದಿದವರು ತಿರುಗಾಮುರುಗಾ ಮಾಡಿದಿರಿ," ಎಂದರು. ಕಾಕಾ ಜೋರಾಗಿ ನಕ್ಕರು. ಬೆಳಗಿನಿಂದ ಅದು ಅವರ ಮೊದಲ ಸರಿಯಾದ ನಗು. ಐದು ಕಿಲೋ ಉಪ್ಪನ್ನು ತಮ್ಮ ಅವ್ವನಿಗೆಂದು ಕಟ್ಟಿಸಿಕೊಂಡರು.

ಕಾರವಾರ ತಲುಪಿದಾಗ ಆರೂವರೆ. ಮುಂದೆ ಹೋದ ಆರರಲ್ಲಿ ಇಬ್ಬರು ಅಂಕೋಲಾದಲ್ಲಿ ಬಸ್ಸು ಹತ್ತಿದ್ದರು. ನಾಲ್ವರು ಎಂಟು ನಿಮಿಷ ಉಳಿಸಿ ಮುಗಿಸಿದ್ದರು. ಅವರ ಕಪ್ಪು ಜೆರ್ಸಿಗಳ ಬೆನ್ನಿನ ಮೇಲೆ ಬಿಳಿಯ ನಕ್ಷೆಗಳು. ನಮ್ಮ ಬೆನ್ನ ಮೇಲೂ ಬಿಳಿ ಇತ್ತು, ಅದು ಚೀಲಕ್ಕೆ ಒರಗಿದ್ದರಿಂದ ಹತ್ತಿದ್ದು. ಯಾರೂ ವ್ಯತ್ಯಾಸ ಕೇಳಲಿಲ್ಲ, ನಾವೂ ಹೇಳಲಿಲ್ಲ.

ರಾತ್ರಿ ಕಾಕಾ ಉಪ್ಪಿನ ಚೀಲವನ್ನು ಕೋಣೆಯ ಮೂಲೆಯಲ್ಲಿಟ್ಟಿದ್ದರು. ಬೆಳಿಗ್ಗೆ ನೋಡಿದರೆ ಚೀಲ ಒದ್ದೆಯಾಗಿ, ಕೆಳಗೆ ನೆಲದ ಮೇಲೆ ನೀರು ಹರಿದಿತ್ತು. "ಇದಕ್ಕೂ ಸೆಕೆ," ಎಂದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದರು. ನಾಲ್ಕು ದಿನ ಬಿಟ್ಟು ಗದಗಿನಿಂದ ಫೋನು ಬಂತು. ಚೀಲ ಬಿಚ್ಚಿ ಪಡಸಾಲೆಯಲ್ಲಿಟ್ಟಿದ್ದರಂತೆ, ಒಣಗಿ ಕಲ್ಲಿನಂತೆ ಗಡ್ಡೆ ಕಟ್ಟಿದೆಯಂತೆ. ಮಾತಿನ ಹಿಂದೆ ಠಕ್ ಠಕ್ ಎಂದು ಸದ್ದು ಕೇಳುತ್ತಿತ್ತು. ಅವ್ವ ಅದನ್ನು ಒರಳಿಗೆ ಹಾಕಿ ಕುಟ್ಟುತ್ತಿದ್ದರು.