ಧರ್ಮಪಿತನಲ್ಲ, ಸಾಕ್ಷಿ: ಕಾರವಾರದಲ್ಲಿ ಎರಡು ದಿನ

ತಂಗಿ ಮೊದಲು ಫೋನ್ ಮಾಡಿದಾಗ ಹೇಳಿದ್ದು, "ಅಣ್ಣಾ, ಮಗುವಿನ ದೀಕ್ಷಾಸ್ನಾನಕ್ಕೆ ನೀನೇ ಧರ್ಮಪಿತ ಆಗ್ಬೇಕು." ಅಂದರೆ ಮಗುವಿನ ಪರವಾಗಿ ಹೊಣೆ ಹೊತ್ತು ನಿಲ್ಲುವವನು. ಎರಡು ದಿನ ಬಿಟ್ಟು ಮತ್ತೆ ಫೋನ್ ಬಂತು. ದನಿ ಸ್ವಲ್ಪ ಇಳಿದಿತ್ತು. "ಫಾದರ್ ಹತ್ರ ಕೇಳಿದ್ವಿ. ಧರ್ಮಪಿತ ಕ್ಯಾಥೊಲಿಕ್ ಆಗಿರ್ಲೇಬೇಕಂತೆ. ನಿನ್ನ ಭಾವನ ಅಣ್ಣ ಆಗ್ತಾರೆ. ನೀನು ಅವರ ಪಕ್ಕ ಸಾಕ್ಷಿಯಾಗಿ ನಿಲ್ಲಬಹುದು. ಬರ್ತೀಯಲ್ವಾ?"

ಬರದೆ ಇರ್ತೀನಾ? ಆದರೂ 'ಸಾಕ್ಷಿ' ಅನ್ನೋ ಮಾತು ಮನಸ್ಸಿನಲ್ಲೇ ಉಳಿಯಿತು.

ನಮ್ಮದು ಧಾರವಾಡ. ನಾವು ಪ್ರೊಟೆಸ್ಟೆಂಟರು: ಅಜ್ಜನ ಕಾಲದಿಂದ ಬಾಸೆಲ್ ಮಿಷನ್ ಸಭೆಯವರು, ಈಗ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ). ಮಿಷನ್‌ನವರು ಧಾರವಾಡಕ್ಕೆ ಬಂದಿದ್ದು 1837ರಲ್ಲಿ. ಕಿಟೆಲ್ ಹೆಸರು ಕೇಳುತ್ತಲೇ ಬೆಳೆದವರು ನಾವು. ಮನೆಯಲ್ಲಿ ಕನ್ನಡ, ಸಭೆಯಲ್ಲಿ ಕನ್ನಡ, ಗೋಡೆ ಮೇಲೆ ಒಂದು ವಾಕ್ಯ, ಅಷ್ಟೇ. ತಂಗಿ ಮದುವೆಯಾಗಿ ಹೋಗಿದ್ದು ಕಾರವಾರದ ಕೊಂಕಣಿ ಕ್ಯಾಥೊಲಿಕ್ ಮನೆಗೆ. ಹೊರಗಿನವರಿಗೆ ಇಬ್ಬರೂ ಕ್ರಿಶ್ಚಿಯನ್ನರೇ. ನಮಗೆ ಮಾತ್ರ ಗೊತ್ತು, ನಡುವೆ ಎಷ್ಟು ದೊಡ್ಡ ಘಟ್ಟ ಇದೆ ಅಂತ.

ನಿಜವಾದ ಘಟ್ಟ ಸುಲಭವಾಗಿ ಇಳಿದೆವು. ಯಲ್ಲಾಪುರದಲ್ಲಿ ಸ್ವೆಟರ್ ಬೇಕಿತ್ತು, ಅರಬೈಲ್ ಇಳಿಯುವಷ್ಟರಲ್ಲಿ ಅದು ಬ್ಯಾಗಿಗೆ ಹೋಯಿತು. ಅಂಕೋಲಾಕ್ಕೆ ಭಾವ ಕಾರು ತಂದಿದ್ದರು. ಬಿಣಗಾ ಹತ್ತಿರ ಬರುವಾಗ ಸಮುದ್ರದ ಕಡೆ ಕೈ ತೋರಿಸಿ, "ಅಲ್ಲೇ ಅಂಜುದೀವ್" ಅಂದರು. ದ್ವೀಪ ಈಗ ನೌಕಾನೆಲೆಗೆ ಸೇರಿದೆ, ಸುಮ್ನೆ ಹೋಗಿ ನೋಡೋ ಹಾಗಿಲ್ಲ. 1505ರಲ್ಲಿ ಪೋರ್ಚುಗೀಸರು ಅಲ್ಲಿ ಕೋಟೆ ಕಟ್ಟಿದರು. ಮೇರಿಯಮ್ಮನ ಹೆಸರಿನ ಒಂದು ಹಳೆಯ ಇಗರ್ಜಿ ಅಲ್ಲಿದೆ.

ಆ ದ್ವೀಪದ ಇನ್ನೊಂದು ಕಥೆ ನನ್ನನ್ನು ಜಾಸ್ತಿ ಕಾಡುತ್ತದೆ. ಇಂಗ್ಲೆಂಡಿನ ಪ್ರೊಟೆಸ್ಟೆಂಟ್ ಅರಸ ಎರಡನೇ ಚಾರ್ಲ್ಸ್, ಪೋರ್ಚುಗಲ್ಲಿನ ಕ್ಯಾಥೊಲಿಕ್ ರಾಜಕುಮಾರಿ ಕ್ಯಾಥರೀನಳನ್ನು ಮದುವೆಯಾದ. ಬಳುವಳಿಯಾಗಿ ಮುಂಬಯಿ ಸಿಗಬೇಕಿತ್ತು. ಅದನ್ನು ವಶಕ್ಕೆ ತಗೊಳ್ಳೋಕೆ ಸೈನಿಕರು ಬಂದರೆ, ಅಲ್ಲಿದ್ದ ಪೋರ್ಚುಗೀಸರು ಬಿಟ್ಟುಕೊಡಲಿಲ್ಲ. ಸೈನಿಕರು ಈ ಅಂಜುದೀವ್‌ನಲ್ಲಿ ಕಾಯುತ್ತಾ ಕೂತರು. ಮಳೆ, ಜ್ವರ. ನೂರಾರು ಜನ ಸತ್ತರು. 1664ರಲ್ಲಿ ಅವರ ನಾಯಕ ಅಬ್ರಹಾಂ ಶಿಪ್‌ಮನ್ ಕೂಡ ಇಲ್ಲೇ ತೀರಿಕೊಂಡ. ಎರಡು ಪಂಗಡದ ನಡುವಿನ ಒಂದು ಮದುವೆಗೆ ಇಷ್ಟು ಜನ ಪ್ರಾಣ ತೆತ್ತರು. ನನ್ನ ತಂಗಿಯ ಮದುವೆಗೆ ಬೇಕಾಗಿದ್ದು ಬಿಷಪ್ಪರ ಒಪ್ಪಿಗೆಯ ಒಂದು ಕಾಗದ, ಮತ್ತು ಮಕ್ಕಳನ್ನು ಕ್ಯಾಥೊಲಿಕರಾಗಿ ಬೆಳೆಸಲು ಆದಷ್ಟು ಪ್ರಯತ್ನ ಮಾಡ್ತೀನಿ ಅಂತ ಭಾವ ಕೊಟ್ಟ ಮಾತು. ಆ ಮಾತಿಗೆ ಆಗ ನಮ್ಮಮ್ಮ ತುಂಬಾ ಅತ್ತಿದ್ದಳು.

ರಾತ್ರಿ ಊಟಕ್ಕೆ ಮುಂಚೆ ಮನೆಯವರೆಲ್ಲ ದೇವರ ಪಟದ ಮುಂದೆ ಕೂತು ತೇರ್ಸ್ ಹೇಳಿದರು. ಅಂದರೆ ಜಪಮಾಲೆ. ತಂಗಿಯ ಅತ್ತೆ ಒಂದೊಂದೇ ಮಣಿ ಸರಿಸುತ್ತಾ 'ನಮಾನ್ ಮರಿಯೆ' ಅನ್ನುತ್ತಿದ್ದರು. ನಾನು ಗೋಡೆಗೆ ಒರಗಿ ಕೂತಿದ್ದೆ. ಆ ಪ್ರಾರ್ಥನೆಯ ಮೊದಲ ಅರ್ಧ ಲೂಕನ ಸುವಾರ್ತೆಯದೇ. ದೇವದೂತ ಮರಿಯಳಿಗೆ ಹೇಳಿದ ಮಾತು, ಆಮೇಲೆ ಎಲಿಸಬೇತಳು ಹೇಳಿದ ಮಾತು. ಅಷ್ಟರಲ್ಲಿ ನನಗೆ ಯಾವ ತಕರಾರೂ ಇಲ್ಲ. 'ಪಾಪಿಗಳಾದ ನಮಗಾಗಿ ಪ್ರಾರ್ಥಿಸು' ಅನ್ನೋ ಎರಡನೇ ಅರ್ಧಕ್ಕೆ ಬಂದಾಗ ನನ್ನ ತುಟಿ ಕದಲುವುದಿಲ್ಲ. ತಂಗಿಯ ಅತ್ತೆಗೆ ಇದು ಅರ್ಥವಾಯಿತೇನೋ.

"ಪುತಾ, ನಿನಗೆ ಕಷ್ಟ ಇದ್ರೆ ನಿಮ್ಮ ಸಭೆಯ ಅಯ್ಯನವರ ಹತ್ರ 'ನನಗೋಸ್ಕರ ಪ್ರಾರ್ಥನೆ ಮಾಡಿ' ಅನ್ನೋದಿಲ್ವಾ? ನಾನು ಸಾಯ್ಬೀಣಿ ಹತ್ರ, ಅಂದ್ರೆ ಮೇರಿಯಮ್ಮನ ಹತ್ರ ಹೇಳ್ತೇನೆ. ಪೂಜೆ ದೇವರಿಗೇ."

ನಾನು ಒಪ್ಪಿಬಿಟ್ಟೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಪರಲೋಕದಲ್ಲಿರುವವರ ಜೊತೆ ಮಾತಾಡೋದು ನನ್ನಿಂದ ಆಗೋದಿಲ್ಲ. ಆದರೆ ಚಿಕ್ಕಂದಿನಿಂದ ಕೇಳಿದ್ದ 'ಅವರು ಮೇರಿಯನ್ನೇ ದೇವರು ಮಾಡಿಕೊಂಡಿದ್ದಾರೆ' ಅನ್ನೋ ಮಾತನ್ನು ಇನ್ನು ಮೇಲೆ ನಾನು ಆಡುವುದಿಲ್ಲ.

ಭಾನುವಾರದ ಪೂಜೆ ಕೊಂಕಣಿಯಲ್ಲಿತ್ತು. ಬಾಗಿಲಲ್ಲಿ ತೀರ್ಥದ ಬಟ್ಟಲಿಗೆ ಬೆರಳು ಅದ್ದಿ ಶಿಲುಬೆ ಗುರುತು ಹಾಕಿ ಎಲ್ಲರೂ ಒಳಗೆ ಹೋದರು. ಮುಂದೆ ಪರಮಪ್ರಸಾದದ, ಅಂದರೆ ಪೂಜೆಯಲ್ಲಿ ಪವಿತ್ರ ಮಾಡಿದ ರೊಟ್ಟಿಯ ಪೆಟ್ಟಿಗೆ, ಪಕ್ಕದಲ್ಲಿ ಕೆಂಪು ದೀಪ. ಭಾವ ಮೊಣಕಾಲೂರಿ ಎದ್ದರು. ಅವರಿಗೆ ಅಲ್ಲಿ ಕ್ರಿಸ್ತನೇ ಇದ್ದಾನೆ, ರೊಟ್ಟಿ ಬರೀ ನೆನಪಿನ ಗುರುತಲ್ಲ.

'ಪರಲೋಕದ ತಂದೆಯೇ' ಪ್ರಾರ್ಥನೆಯನ್ನು ನಾನು ಮೆಲ್ಲಗೆ ಕನ್ನಡದಲ್ಲೇ ಹೇಳಿಕೊಂಡೆ. 'ಕೇಡಿನಿಂದ ನಮ್ಮನ್ನು ತಪ್ಪಿಸು' ಅಂತ ಆಗುತ್ತಲೇ ಎಲ್ಲರೂ ಹೇಳುವುದನ್ನು ನಿಲ್ಲಿಸಿದರು. ನನ್ನ ಬಾಯಿ ನಿಲ್ಲಲಿಲ್ಲ. 'ರಾಜ್ಯವೂ ಬಲವೂ ಮಹಿಮೆಯೂ...' ಅಂತ ಒಬ್ಬನೇ ಮುಂದೆ ಹೋಗಿಬಿಟ್ಟೆ. ಮುಂದಿನ ಬೆಂಚಿನ ಹುಡುಗಿ ತಿರುಗಿ ನೋಡಿದಳು. ಫಾದರ್ ಒಂದು ಚಿಕ್ಕ ಪ್ರಾರ್ಥನೆ ಹೇಳಿ ಮುಗಿಸಿದರು. ಆಮೇಲೆ ಇಡೀ ಇಗರ್ಜಿ ಒಟ್ಟಿಗೆ ದನಿ ಎತ್ತಿತು. ಅದರಲ್ಲಿ 'ರಾಜ್', 'ಮಹಿಮಾ' ಎರಡು ಶಬ್ದ ನನಗೆ ಗೊತ್ತಾಯಿತು. ನಾನು ಹೇಳಿ ಮುಗಿಸಿದ್ದ ಅದೇ ಸಾಲು! ನಮ್ಮದೇ ಅಂದುಕೊಂಡಿದ್ದ ಸಾಲು ಅರ್ಧ ನಿಮಿಷ ತಡವಾಗಿ ಅವರ ಬಾಯಲ್ಲೂ ಬಂತು. ನನಗೆ ಮೈ ಜುಮ್ ಅಂದಿತು.

ಆಮೇಲೆ ಪರಮಪ್ರಸಾದ. ಸಾಲು ಮುಂದಕ್ಕೆ ಸಾಗಿತು. ಭಾವ ಎದ್ದರು, ಅವರ ಅಮ್ಮ ಎದ್ದರು. ಕ್ಯಾಥೊಲಿಕ್ ಅಲ್ಲದ ತಂಗಿ ಅದನ್ನು ತಗೊಳ್ಳೋ ಹಾಗಿಲ್ಲ, ಮಗುವನ್ನು ತೊಡೆ ಮೇಲೆ ಇಟ್ಟುಕೊಂಡು ಕೂತೇ ಇದ್ದಳು. ಅವರು ದಾಟಿ ಹೋಗಲಿ ಅಂತ ಮೊಣಕಾಲು ಓರೆ ಮಾಡಿದಳು. ನಾಲ್ಕು ವರ್ಷದಿಂದ ಪ್ರತಿ ಭಾನುವಾರ ಹೀಗೇ ಮೊಣಕಾಲು ಓರೆ ಮಾಡುತ್ತಿದ್ದಾಳೆ ಅಂತ ಆಗ ಹೊಳೆಯಿತು. ನನಗೆ ಗಂಟಲು ಕಟ್ಟಿತು. ಧಾರವಾಡದ ನಮ್ಮ ಸಭೆಯ ಪವಿತ್ರ ಭೋಜನಕ್ಕೆ ಭಾವ ಬಂದರೆ ನಾವು ಬೇಡ ಅನ್ನುವುದಿಲ್ಲ. ಆದರೆ ಅವರ ನಿಯಮದಂತೆ ಅವರೂ ತಗೊಳ್ಳೋ ಹಾಗಿಲ್ಲ.

ಪೂಜೆ ಆದ ಮೇಲೆ ಬಾಪ್ತಿಜ್ಮ್, ಅಂದರೆ ದೀಕ್ಷಾಸ್ನಾನ. ಭಾವನ ಅಣ್ಣ ಮಗುವನ್ನು ಎತ್ತಿಕೊಂಡಿದ್ದರು, ನಾನು ಪಕ್ಕದಲ್ಲಿದ್ದೆ. ಮಗುವಿನ ಎದೆಗೆ ಎಣ್ಣೆ ಹಚ್ಚಿದರು. 'ಬಾಪಾಚ್ಯಾ, ಪುತಾಚ್ಯಾ...' ಅನ್ನುತ್ತಾ ತಲೆಗೆ ಮೂರು ಸಲ ನೀರು ಹೊಯ್ದರು. ಮೂರನೇ ಸಲಕ್ಕೆ ಮಗು ಕಿಟಾರನೆ ಕಿರುಚಿತು. ನೀರು ಕಿವಿಯ ಹಿಂದಿನಿಂದ ಇಳಿದು ನನ್ನ ತೋಳಿನ ಮೇಲೂ ಬಿತ್ತು. ಬಿಳಿ ಬಟ್ಟೆ ಹೊದಿಸಿದರು. ಈಸ್ಟರ್ ಮೇಣದಬತ್ತಿಯಿಂದ ಹಚ್ಚಿದ ಚಿಕ್ಕ ಬತ್ತಿಯನ್ನು ಅಣ್ಣನವರ ಕೈಗೆ ಕೊಟ್ಟರು.

ಮದುವೆಗೆ ಮುಂಚೆ ತಂಗಿಗೆ ಮತ್ತೆ ದೀಕ್ಷಾಸ್ನಾನ ಮಾಡಿಸ್ತಾರೇನೋ ಅಂತ ನಮಗೆ ಹೆದರಿಕೆ ಇತ್ತು. ಹಾಗೇನೂ ಆಗಲಿಲ್ಲ. ನಮ್ಮ ಸಭೆಯ ಸರ್ಟಿಫಿಕೇಟ್ ನೋಡಿ ಸಾಕು ಅಂದಿದ್ದರು. ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ ನೀರಿನಿಂದ ಆಗಿದ್ದರೆ ಅದನ್ನು ಅವರು ಎರಡನೇ ಸಲ ಮಾಡುವುದಿಲ್ಲ.

ಊಟಕ್ಕೆ ಫಾದರ್ ಕೂಡ ಬಂದಿದ್ದರು. ಬಂಗುಡೆ ಸಾರು, ಸನ್ನಾ, ಸೋಲ್ ಕಡಿ. ನಾನು ನೇರವಾಗಿ ಕೇಳಿಯೇಬಿಟ್ಟೆ. "ನೀರು ನಮ್ಮದೂ ಆಗುತ್ತೆ ಅಂದ್ರೆ, ರೊಟ್ಟಿ ಯಾಕೆ ಆಗೋದಿಲ್ಲ ಫಾದರ್?"

ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಒಟ್ಟಿಗೆ ಉಣ್ಣೋದು ನಾವು ಪೂರ್ತಿ ಒಂದಾಗಿದ್ದೇವೆ ಅನ್ನೋದರ ಗುರುತು, ಇನ್ನೂ ಆಗಿಲ್ಲದೆ ಆಗಿದೆ ಅನ್ನೋದು ಸರಿಯಲ್ಲ ಅಂತ ತಮ್ಮ ಸಭೆ ತಿಳಿಯುತ್ತದೆ ಅಂದರು. ಪೋಪರ ಅಧಿಕಾರ, ಗುರುಪಟ್ಟ ಅಪೊಸ್ತಲರಿಂದ ಕೈಯಿಂದ ಕೈಗೆ ಬಂದಿದ್ದು, ಇವೆಲ್ಲ ಇನ್ನೂ ಬಗೆಹರಿದಿಲ್ಲ. ಬಗೆಹರಿದಿದ್ದೂ ಇದೆ. 1964ರಲ್ಲಿ ವ್ಯಾಟಿಕನ್ ಮಹಾಸಭೆ ನಮ್ಮಂಥವರನ್ನು 'ಬೇರ್ಪಟ್ಟ ಸಹೋದರರು' ಅಂದಿತು. ಮನುಷ್ಯನಿಗೆ ರಕ್ಷಣೆ ದೇವರ ಕೃಪೆಯಿಂದಲೇ ಅಂತ 1999ರಲ್ಲಿ ಕ್ಯಾಥೊಲಿಕರೂ ಲೂಥರನ್ನರೂ ಸೇರಿ ಸಹಿ ಹಾಕಿದರು. ಪ್ರೊಟೆಸ್ಟೆಂಟರು ಬೇರೆಯಾಗಲು ಕಾರಣನಾದ ಲೂಥರನ ಜಗಳದ ತಿರುಳೇ ಈ ವಿಷಯ. 2006ರಲ್ಲಿ ಮೆಥಡಿಸ್ಟರು, 2017ರಲ್ಲಿ ರಿಫಾರ್ಮ್ಡ್ ಸಭೆಗಳೂ ಜೊತೆ ಸೇರಿದವು. ನನ್ನ ಅಪ್ಪ ಇದನ್ನು ಕೇಳಿಸಿಕೊಳ್ಳಬೇಕಿತ್ತು.

ನನ್ನ ಆ ಸಾಲಿನ ವಿಷಯವನ್ನೂ ಹೇಳಿದೆ. ಮತ್ತಾಯನ ಸುವಾರ್ತೆಯ ತುಂಬಾ ಹಳೆಯ ಪ್ರತಿಗಳಲ್ಲಿ ಅದು ಇಲ್ಲ, 1969ರ ಹೊಸ ಪೂಜಾವಿಧಿಯಲ್ಲಿ ನಾವೂ ಸೇರಿಸಿಕೊಂಡೆವು ಅಂದರು ಫಾದರ್.

ಕಾರಣ ಅರ್ಥವಾಯಿತು. ನೋವು ಮಾತ್ರ ಹೋಗಲಿಲ್ಲ. ಒಂದೇ ಮನೆಯಲ್ಲಿ ಒಂದೇ ತಟ್ಟೆಯ ಸನ್ನಾ ಹರಿದು ತಿನ್ನುವ ಗಂಡ ಹೆಂಡತಿ ಇಗರ್ಜಿಯಲ್ಲಿ ಬೇರೆಯಾಗುವುದು ನನಗೆ ಇವತ್ತಿಗೂ ಸರಿ ಅನಿಸುವುದಿಲ್ಲ.

ಹೊರಡುವಾಗ ತಂಗಿ ತನ್ನ ಹತ್ತಿರವಿದ್ದ ಕನ್ನಡದ ಕ್ಯಾಥೊಲಿಕ್ ಬೈಬಲ್ ಕೈಗಿಟ್ಟಳು. ನಮ್ಮ ಸತ್ಯವೇದದಲ್ಲಿ 66 ಪುಸ್ತಕ, ಇದರಲ್ಲಿ 73. "ಆ ಏಳರಲ್ಲಿ ತೊಬಿತನ ಕಥೆ ಓದು, ನಿಂಗೆ ಇಷ್ಟ ಆಗುತ್ತೆ" ಅಂದಳು. ಬಸ್ಸು ಅಂಕೋಲಾ ಬಿಟ್ಟ ಮೇಲೆ ತೆಗೆದೆ. ಒಬ್ಬ ಹುಡುಗ ದೂರದ ಊರಿಗೆ ಹೊರಟಿದ್ದಾನೆ. ಜೊತೆಗಿರುವವನು ದೇವದೂತ ಅಂತ ಅವನಿಗೆ ಗೊತ್ತಿಲ್ಲ. ಅವರ ಹಿಂದೆ ಒಂದು ನಾಯಿ ಹೊರಟಿದೆ. ಹುಡುಗ ನದಿಯಲ್ಲಿ ದೊಡ್ಡ ಮೀನು ಹಿಡಿದ, ಅದರ ಪಿತ್ತವನ್ನು ಜೋಪಾನವಾಗಿ ಎತ್ತಿಟ್ಟುಕೊಂಡ. ಘಟ್ಟದ ತಿರುವಿನಲ್ಲಿ ಅಕ್ಷರ ಓಲಾಡತೊಡಗಿದವು. ಪುಟಕ್ಕೆ ಬೆರಳಿಟ್ಟು ಮುಚ್ಚಿದೆ. ಯಲ್ಲಾಪುರದಲ್ಲಿ ಬಸ್ಸು ಚಹಾಕ್ಕೆ ನಿಂತಾಗ ಮತ್ತೆ ತೆರೆದೆ. ನಾಯಿ ಇನ್ನೂ ಅವರ ಜೊತೆಗೇ ಇತ್ತು.