ಕೂಗುತ್ತಿದ್ದದ್ದು ಪಂಪಲ್ಲ, ಗೋಡೆ

ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ಸಂಜೆ ಕಾಫಿ ಅಂದರೆ ಜಗಲಿಯಲ್ಲೇ. ಮೋಡ ಸರಿದರೆ ಮುಳ್ಳಯ್ಯನಗಿರಿ ಸಾಲು ಕಾಣುತ್ತದೆ. ಮಹಡಿ ಬಾತ್‌ರೂಮಿಗೆಂದು ಹಾಕಿಸಿದ ಪ್ರೆಶರ್ ಪಂಪು ಅದೇ ಜಗಲಿಯ ಗೋಡೆಗೆ ಬಂತು. ಒಳಗೆ ಯಾರಾದರೂ ಕೈ ತೊಳೆದರೂ ಸಾಕು, ಗುಂಯ್ ಅಂತ ಶುರು. ಅಮ್ಮ ಅಲ್ಲಿ ಕೂರುವುದನ್ನೇ ಬಿಟ್ಟರು. ನನಗೆ ಅದೇ ಜಾಸ್ತಿ ಬೇಜಾರು.

ಬಂದವರೆಲ್ಲ ಉಪಾಯ ಹೇಳಿದರು. ಗಿಡ ಇಡಿ, ಡಬ್ಬ ಮುಚ್ಚಿ. ನಾಲ್ಕು ಕುಂಡದ ಎಲೆಗೆ ಸದ್ದು ನಿಲ್ಲುವುದಿಲ್ಲ. ಸುಮ್ನೆ ಮುಚ್ಚಿದರೆ ಗಾಳಿಯಾಡದೆ ಮೋಟರು ಕಾಯುತ್ತದೆ.

ಭಾನುವಾರ ಬಂದ ಪ್ಲಂಬರ್ ಮೊದಲು ಪಂಪನ್ನು ಮುಟ್ಟಲೇ ಇಲ್ಲ. ಗೋಡೆಗೆ ಸೇರಿದ ಜಗಲಿ ಕಟ್ಟೆ ಮೇಲೆ ತುಂಬಿದ ನೀರಿನ ಲೋಟ ಇಟ್ಟು, ನಲ್ಲಿ ಬಿಡಿ ಅಂದರು. ಪಂಪು ಓಡುತ್ತಿದ್ದಂತೆ ನೀರಿನ ಮೇಲೆ ಸಣ್ಣ ಸಣ್ಣ ಬಳೆ ಎದ್ದವು.

"ನೋಡಿ ಅಮ್ಮ, ಪಂಪಲ್ಲ, ನಿಮ್ಮ ಗೋಡೇನೇ ಕೂಗ್ತಿರೋದು."

ಪಂಪಿನ ಸ್ಟ್ಯಾಂಡನ್ನು ಗೋಡೆಗೆ ಬೋಲ್ಟ್ ಹಾಕಿ ಬಿಗಿದಿದ್ದರು. ಅದನ್ನು ಬಿಚ್ಚಿ ಪಂಪನ್ನು ನೆಲಕ್ಕಿಳಿಸಿದೆವು. ಕೆಳಗೆ ಕಲ್ಲುಚಪ್ಪಡಿ, ಅದರ ಮೇಲೆ ದಪ್ಪ ರಬ್ಬರ್. ಪೈಪಿಗೂ ಪಂಪಿಗೂ ನಡುವೆ ಬಾಗುವ ಹೋಸ್. ಗೋಡೆಯ ಕ್ಲಾಂಪುಗಳಿಗೂ ರಬ್ಬರ್ ಸುತ್ತಿದರು.

ಆಮೇಲೆ ಪಕ್ಕದ ಪುಟ್ಟ ಟ್ಯಾಂಕು. ಅದರೊಳಗೆ ರಬ್ಬರ್ ಚೀಲ, ಒಂದು ಕಡೆ ನೀರು, ಇನ್ನೊಂದು ಕಡೆ ಗಾಳಿ. ಗಾಳಿ ಸರಿ ಇದ್ದರೆ ಒಂದೆರಡು ಚೊಂಬು ನೀರಿಗೆ ಪಂಪು ಏಳಬೇಕಿಲ್ಲ. ಟೈರಿನ ಗೇಜ್ ಹಿಡಿದರೆ ಮುಳ್ಳು ಅಲ್ಲಾಡಲೇ ಇಲ್ಲ! ಕರೆಂಟ್ ತೆಗೆದು, ನಲ್ಲಿ ಬಿಟ್ಟು ನೀರು ಖಾಲಿ ಮಾಡಿ, ಸೈಕಲ್ ಪಂಪಿನಲ್ಲೇ ಗಾಳಿ ತುಂಬಿದರು. ನಮ್ಮ ಪಂಪು ಶುರುವಾಗುವುದು ನೀರಿನ ಒತ್ತಡ 20 ಪಿಎಸ್‌ಐಗೆ (ಟೈರಿನ ಗಾಳಿ ಅಳೆಯುವ ಅದೇ ಅಳತೆ) ಇಳಿದಾಗ, ಗಾಳಿ ಅದಕ್ಕಿಂತ 2 ಕಡಿಮೆ, 18.

ಸಂಜೆ ಅಮ್ಮ ಲೋಟ ಹಿಡಿದು ಬಂದು ಕೂತರು. ಒಳಗೆ ಮಗಳು ಕೈ ತೊಳೆದಳು. ಪಂಪು ಏಳಲಿಲ್ಲ.

ಸ್ನಾನದ ಹೊತ್ತಿಗೆ ಮೋಟರಿನ ಫ್ಯಾನಿನ ಸದ್ದು ಈಗಲೂ ಇದೆ. ಕಾಂಪೌಂಡಿನ ಆಚೆಯೇ ಪಕ್ಕದ ಮನೆಯವರು ಮಲಗುವ ಕೋಣೆ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ ಅಂತ 2000ನೇ ಇಸವಿಯ ಶಬ್ದ ನಿಯಮವೇ ಹೇಳುತ್ತದೆ. ಅವರು ಒಂದು ಮಾತೂ ಆಡಿಲ್ಲ, ಆದರೆ ಕೇಳಿಸದೆ ಇರುತ್ತಾ? ಮಳೆ ನಿಂತ ಮೇಲೆ ಆ ಕಡೆಗೆ ಪಂಪಿಗಿಂತ ಎತ್ತರದ ಇಟ್ಟಿಗೆ ಗೋಡೆ ಕಟ್ಟಿಸುತ್ತೇವೆ. ಗಾಳಿಗೆ ನಮ್ಮ ಕಡೆ ತೆರೆದೇ ಇರಲಿ.