ವಚನ ರೆಕಾರ್ಡಿಂಗ್‌ಗೆ ಒಂದೇ ಗಿಟಾರ್: ಆಯ್ಕೆ ಮುಗಿಯಿತು, ಕೆಲಸ ಶುರುವಾಯಿತು

ವಚನಗಳಿಗೆ ಹೊಸ ರಾಗ ಹಾಕಿ ಮನೆಯಲ್ಲೇ ರೆಕಾರ್ಡ್ ಮಾಡುವ ನಮ್ಮ ಕೆಲಸದಲ್ಲಿ ಹಾಡು, ಹಾರ್ಮೋನಿಯಂ, ತಬಲಾ ಎಲ್ಲ ಒಂದು ಹದಕ್ಕೆ ಬಂದಿವೆ. ಬಾಕಿ ಇದ್ದದ್ದು ಎಲೆಕ್ಟ್ರಿಕ್ ಗಿಟಾರ್. ಇಷ್ಟು ದಿನ ಗೆಳೆಯನ ಗಿಟಾರ್ ತಂದು ನುಡಿಸುತ್ತಿದ್ದೆ. ಅವನು ಕೆಲಸದ ಮೇಲೆ ಪುಣೆಗೆ ಹೋದ, ಗಿಟಾರೂ ಅವನ ಜೊತೆ ಹೋಯಿತು. ಸ್ವಂತದ್ದು ಒಂದು ಬೇಕೇ ಬೇಕು. ಬಜೆಟ್ 40 ಸಾವಿರ. ತಂತಿ, ಕೇಬಲ್, ಸೆಟಪ್ ಖರ್ಚು ಎಲ್ಲ ಅದರೊಳಗೇ ಆಗಬೇಕು.

ಮೇ ಕೊನೆ

ಅಂಗಡಿಗೆ ಹೋಗುವ ಮೊದಲು ನನಗೆ ಏನು ಬೇಕು ಅಂತ ಕೂತು ಬರೆದುಕೊಂಡೆ. ಹಾಡಿನ ಹಿಂದೆ ತೆಳ್ಳಗೆ ಮಿನುಗುವ ಕಾರ್ಡ್‌ಗಳು ಬೇಕು. ನಡುವೆ ದಪ್ಪ ದನಿಯಲ್ಲಿ ಒಂದು ರಾಗದ ಸಾಲು ಬೇಕು. ಒಂದೆರಡು ಕಡೆ ಸ್ವಲ್ಪ ಡಿಸ್ಟಾರ್ಷನ್, ಅಂದರೆ ಒಡೆದ ಗರಗರ ದನಿ, ಕೂಡ ಬೇಕು. ಮೂರನ್ನೂ ಒಂದೇ ಗಿಟಾರ್ ಮಾಡಬೇಕು.

ಇನ್ನೊಂದು ವಿಷಯ ನಮ್ಮ ಊರಿನದೇ. ನಾವು ರೆಕಾರ್ಡ್ ಮಾಡುವುದು ಮಹಡಿ ಮೇಲಿನ ಕೋಣೆಯಲ್ಲಿ. ಮೇಲೆ ಶೀಟು. ಕರಾವಳಿಯಲ್ಲಿ ಜೂನ್ ಶುರುವಾದರೆ ಆಂಪ್ (ಗಿಟಾರಿನ ದನಿ ಹೊರಡಿಸುವ ಸ್ಪೀಕರ್ ಪೆಟ್ಟಿಗೆ) ಮುಂದೆ ಮೈಕ್ ಇಡುವ ಮಾತೇ ಇಲ್ಲ, ಮಳೆಯೇ ರೆಕಾರ್ಡ್ ಆಗುತ್ತದೆ. ಹಾಗಾಗಿ ಗಿಟಾರಿನಿಂದ ಕೇಬಲ್ ನೇರ ಆಡಿಯೋ ಇಂಟರ್‌ಫೇಸ್‌ಗೆ, ಅಂದರೆ ವಾದ್ಯದ ಸಿಗ್ನಲನ್ನು ಕಂಪ್ಯೂಟರಿಗೆ ಕೊಡುವ ಪೆಟ್ಟಿಗೆಗೆ. ಆಂಪಿನ ದನಿ ಆಮೇಲೆ ಕಂಪ್ಯೂಟರಿನಲ್ಲಿ, ನ್ಯೂರಲ್ ಆಂಪ್ ಮಾಡೆಲರ್ ಎಂಬ ಪ್ಲಗಿನ್‌ನಲ್ಲಿ ಸೇರಿಸುತ್ತೇನೆ. ಅದು ಉಚಿತ, ಕೆಲಸವೂ ಬಹಳ ಚೆನ್ನಾಗಿದೆ.

ಇದರಿಂದ ಗಿಟಾರ್ ಆರಿಸುವ ದಾರಿಯೇ ಬದಲಾಗುತ್ತದೆ. ಅಂಗಡಿಯ ದೊಡ್ಡ ಆಂಪಿಗೆ ಹಾಕಿ ನುಡಿಸಿದರೆ ಯಾವ ಗಿಟಾರ್ ಆದರೂ ಖುಷಿ ಕೊಡುತ್ತದೆ. ಅದು ಆಂಪ್ ಕೊಡುವ ಖುಷಿ. ನನ್ನ ಹಾಡಿನೊಳಗೆ ಬರುವುದು ಪಿಕಪ್‌ನಿಂದ (ತಂತಿಯ ಕೆಳಗೆ ಕೂತು ಅದರ ಅಲುಗಾಟವನ್ನು ಹಿಡಿಯುವ ಭಾಗ) ಹೊರಟ ಬರೀ ಸಿಗ್ನಲ್. ಕೇಳಬೇಕಾದದ್ದೂ ಅದನ್ನೇ.

ಜೂನ್

ಲ್ಯಾಪ್‌ಟಾಪ್, ಇಂಟರ್‌ಫೇಸ್, ನನ್ನದೇ ಮೂರು ಮೀಟರ್ ಕೇಬಲ್, ಹೆಡ್‌ಫೋನ್ ಎಲ್ಲ ಬ್ಯಾಗಿಗೆ ಹಾಕಿಕೊಂಡು ಅಂಗಡಿಗೆ ಹೋದೆ. ಮಂಗಳೂರಿನಲ್ಲಿ ಸಿಕ್ಕಷ್ಟು ನೋಡಿ, ಉಳಿದವನ್ನು ಬೆಂಗಳೂರಿನಲ್ಲಿ ನೋಡಿದೆ. "ಆಂಪ್ ಬೇಡ್ವಾ ಮಾರಾಯ್ರೆ?" ಅಂತ ಅಂಗಡಿಯವರು ಕೇಳಿದರು. ವಿಷಯ ಹೇಳಿದ ಮೇಲೆ ಮೂಲೆಯಲ್ಲಿ ಒಂದು ಸ್ಟೂಲ್ ಹಾಕಿ ಕೊಟ್ಟರು. ಹೀಗೆ ಮಾಡಬೇಕು ಅನ್ನುವವರು ಜನ ಕಡಿಮೆ ಇರುವ ಹೊತ್ತಿಗೆ, ಮೊದಲೇ ಫೋನ್ ಮಾಡಿ ಹೋಗಿ. ಯಾರೂ ಬೇಡ ಅನ್ನಲಿಲ್ಲ.

ಪ್ರತಿ ಗಿಟಾರಿನಲ್ಲೂ ಅದೇ ತುಣುಕುಗಳು, ಅದೇ ವೇಗ, ಇಂಟರ್‌ಫೇಸ್‌ನಲ್ಲಿ ಅದೇ ಗೇನ್ (ಒಳಬರುವ ಸಿಗ್ನಲ್ ಹೆಚ್ಚಿಸುವ ಮಟ್ಟ). ಕೊನೆಗೆ ಕೈ ತಂತಿಯಿಂದ ತೆಗೆದು ಸುಮ್ನೆ ಹತ್ತು ಸೆಕೆಂಡ್ ರೆಕಾರ್ಡಿಂಗ್. ಈ ಹತ್ತು ಸೆಕೆಂಡ್ ಬಹಳ ಮುಖ್ಯ, ಗಿಟಾರ್ ಎಷ್ಟು ಗುಂಯ್‌ಗುಡುತ್ತದೆ ಅಂತ ಅದರಲ್ಲೇ ಗೊತ್ತಾಗುತ್ತದೆ.

ಮನೆಗೆ ಬಂದು ಎಲ್ಲ ತುಣುಕುಗಳ ವಾಲ್ಯೂಮ್ ಒಂದೇ ಮಟ್ಟಕ್ಕೆ ತಂದೆ. ಜೋರಾಗಿರುವುದೇ ಕಿವಿಗೆ ಚೆನ್ನಾಗಿ ಕೇಳುತ್ತದೆ, ಅದು ಎಲ್ಲರಿಗೂ ಆಗುವಂಥದ್ದು. ಆಮೇಲೆ ತಮ್ಮನ ಹತ್ತಿರ ಫೈಲ್‌ಗಳ ಹೆಸರು ತೆಗೆಸಿ ನಂಬರ್ ಹಾಕಿಸಿದೆ. ಯಾವುದು ಯಾವ ಗಿಟಾರ್ ಅಂತ ನನಗೂ ಗೊತ್ತಿಲ್ಲ, ಹಾಡುವ ಅಕ್ಕನಿಗೂ ಗೊತ್ತಿಲ್ಲ. ನಮ್ಮ ಒಂದು ಹಾಡಿನೊಳಗೇ ಕೂರಿಸಿ ಕೇಳಿದೆವು.

ಬರೀ ಗಿಟಾರ್ ಕೇಳಿದರೆ ಸ್ಕ್ವೈಯರ್ ಕ್ಲಾಸಿಕ್ ವೈಬ್ ಟೆಲಿಕಾಸ್ಟರ್ ಗೆದ್ದಿತು. ಅದರ ಕಾರ್ಡ್‌ಗಳು ಎಷ್ಟು ಬಿಡಿಬಿಡಿಯಾಗಿ ಕೇಳುತ್ತವೆ ಅಂದರೆ, ಪ್ರತಿ ತಂತಿಯನ್ನೂ ಎಣಿಸಬಹುದು. ಆದರೆ ಸಿಂಗಲ್ ಕಾಯಿಲ್, ಅಂದರೆ ಒಂದೇ ಸುರುಳಿಯ ಪಿಕಪ್. ನಮ್ಮ ಕರೆಂಟಿನ 50 ಹರ್ಟ್ಜ್, ಅದರ ಮೇಲೆ 100, 150, ಎಲ್ಲವನ್ನೂ ಎಳೆದುಕೊಳ್ಳುತ್ತದೆ. ಅಂಗಡಿಯಲ್ಲೇ ಹಾಗಿದ್ದರೆ, ಇನ್ವರ್ಟರ್ ಓಡುವ ನಮ್ಮ ಮನೆಯಲ್ಲಿ ಕೇಳುವುದೇ ಬೇಡ. ಬೆಲೆಯೂ ಬಜೆಟ್ ದಾಟುತ್ತಿತ್ತು.

ಎಪಿಫೋನ್ ಲೆಸ್ ಪಾಲ್‌ನಲ್ಲಿ ಈ ತೊಂದರೆ ಇಲ್ಲ, ಎರಡೂ ಹಂಬಕರ್. 1950ರ ದಶಕದಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ರೂಪಿಸಿದ ಉಪಾಯ ಇದು. ಪಕ್ಕಪಕ್ಕ ಎರಡು ಕಾಯಿಲ್ ಇಟ್ಟು, ಒಂದರ ಸುತ್ತು ಮತ್ತು ಅಯಸ್ಕಾಂತದ ದಿಕ್ಕು ಎರಡನ್ನೂ ತಿರುಗಿಸಿದರೆ, ಹೊರಗಿನ ಗುಂಯ್ ಒಂದಕ್ಕೊಂದು ಹೊಡೆದುಹೋಗುತ್ತದೆ, ತಂತಿಯ ದನಿ ಮಾತ್ರ ಕೂಡಿಕೊಳ್ಳುತ್ತದೆ. ದನಿ ತುಂಬಿಕೊಂಡಂತಿದೆ, ಒಂಟಿಯಾಗಿ ಕೇಳಲು ಸೊಗಸು. ಹಾಡಿನೊಳಗೆ ಹಾಕಿದಾಗ ಮಾತ್ರ ಹಾರ್ಮೋನಿಯಂ ಜೊತೆ ಗುದ್ದಾಟ. ಇಬ್ಬರೂ ಒಂದೇ ಜಾಗ ಹಿಡಿದು ಕೂರುತ್ತಾರೆ. ಗಿಟಾರಿನ ತಗ್ಗು ದನಿಯನ್ನು ಈಕ್ಯೂನಲ್ಲಿ (ಎತ್ತರದ, ತಗ್ಗಿನ ದನಿ ಎಷ್ಟಿರಬೇಕು ಅಂತ ಹೊಂದಿಸುವ ಸಾಧನ) ಕತ್ತರಿಸುತ್ತಾ ಹೋದರೆ ಕೊನೆಗೆ ಲೆಸ್ ಪಾಲ್ ತಗೊಂಡ ಅರ್ಥವೇ ಉಳಿಯುವುದಿಲ್ಲ, ಅಲ್ವಾ?

ಪಿಆರ್‌ಎಸ್ ಎಸ್‌ಇ ಕಸ್ಟಮ್ 24 ಕೂಡ ಕೈಗೆ ತಗೊಂಡೆ. ಒಳ್ಳೆಯ ವಾದ್ಯ. ಬೆಲೆ ನನಗೆ ಎಟುಕುವುದಿಲ್ಲ.

ನಮ್ಮ ಹಾಡಿನಲ್ಲಿ ಮೂರೂ ಕೆಲಸಕ್ಕೆ ಸರಿಹೋದ ನಂಬರ್ ಯಾವುದು ಅಂತ ತಮ್ಮನನ್ನು ಕೇಳಿದಾಗ ಬಂದ ಹೆಸರು ಯಮಾಹಾ ಪೆಸಿಫಿಕಾ 112ವಿ.

ಯಾಕೆ ಅದೇ

ಪೆಸಿಫಿಕಾ ಸರಣಿ ಶುರುವಾದದ್ದು 1990ರಲ್ಲಿ, ವಿನ್ಯಾಸ ಮಾಡಿದ್ದು ಕ್ಯಾಲಿಫೋರ್ನಿಯಾದಲ್ಲಿದ್ದ ಯಮಾಹಾ ತಂಡ. ಅಲ್ಲಿನ ಸ್ಟುಡಿಯೋ ಗಿಟಾರಿಸ್ಟ್‌ಗಳಿಗೆ ಬೆಳಿಗ್ಗೆ ಜಾಹೀರಾತು, ಸಂಜೆ ರಾಕ್, ಎರಡಕ್ಕೂ ಒಂದೇ ಗಿಟಾರ್ ಸಾಕಾಗಬೇಕಿತ್ತು. ಅವರ ಕೈಯಲ್ಲಿ ಇದ್ದದ್ದು ಇದೇ ಜೋಡಣೆ. ಬ್ರಿಡ್ಜ್ (ತಂತಿಗಳ ಕೆಳತುದಿ ಹಿಡಿದಿರುವ ಭಾಗ) ಹತ್ತಿರ ಹಂಬಕರ್, ನಡುವೆ ಮತ್ತು ಕುತ್ತಿಗೆ ಹತ್ತಿರ ಸಿಂಗಲ್ ಕಾಯಿಲ್.

112ವಿಯಲ್ಲಿ ಟೋನ್ ನಾಬ್ ಮೇಲಕ್ಕೆ ಎಳೆದರೆ ಹಂಬಕರ್‌ನ ಒಂದು ಕಾಯಿಲ್ ಮಾತ್ರ ಉಳಿಯುತ್ತದೆ. ದನಿ ತೆಳ್ಳಗಾಗುತ್ತದೆ, ಜೊತೆಗೆ ಸಣ್ಣದೂ ಆಗುತ್ತದೆ. ಇಂಟರ್‌ಫೇಸ್‌ನ ಗೇನ್ ಆಗ ಮತ್ತೆ ನೋಡಿಕೊಳ್ಳಬೇಕು. ನಿಜವಾದ ಟೆಲಿಕಾಸ್ಟರ್ ದನಿ ಇದಲ್ಲ. ಕುತ್ತಿಗೆಯ ಸಿಂಗಲ್ ಕಾಯಿಲ್ ಕೂಡ ಒಳ್ಳೆಯ ಸ್ಟ್ರಾಟೊಕಾಸ್ಟರ್‌ನಷ್ಟು ಗಾಜಿನ ಹಾಗೆ ಮಿನುಗುವುದಿಲ್ಲ. ಆದರೆ ಹಾರ್ಮೋನಿಯಂ, ತಬಲಾ, ಹಾಡು ಸೇರಿದಾಗ ಆ ಕೊರತೆ ನನಗೆ ಕೇಳಿಸಲಿಲ್ಲ. ಗುಂಯ್ ಜಾಸ್ತಿ ಇರುವ ದಿನ ಹಂಬಕರ್‌ಗೆ ಬದಲಾಯಿಸಿಕೊಂಡು ಕೆಲಸ ಮುಂದುವರಿಸಬಹುದು. ನನಗೆ ಈ ಅನುಕೂಲವೇ ದೊಡ್ಡದು.

ಕೊಳ್ಳುವವರಿಗೆ ಒಂದು ಮಾತು. 112ಜೆ ಅಂತ ಇನ್ನೊಂದು ಇದೆ, ನೋಡಲು ಹೆಚ್ಚುಕಡಿಮೆ ಹೀಗೇ, ಬೆಲೆ ಕಡಿಮೆ. ಅದರಲ್ಲಿ ಪಿಕಪ್ ಬೇರೆ, ಕಾಯಿಲ್ ಸ್ಪ್ಲಿಟ್ (ಮೇಲೆ ಹೇಳಿದ ಒಂದೇ ಕಾಯಿಲ್ ಉಳಿಸುವ ಸೌಲಭ್ಯ) ಇಲ್ಲ. ರೆಕಾರ್ಡಿಂಗ್‌ಗೆ ಅಂತಲೇ ತಗೊಳ್ಳುವುದಾದರೆ ಸ್ವಲ್ಪ ಕಾದು ದುಡ್ಡು ಕೂಡಿಸಿ ವಿ ತಗೊಳ್ಳಿ.

ಜುಲೈ: ಸ ಇಳಿಯುವ ಸಮಸ್ಯೆ

ಗಿಟಾರ್ ಮನೆಗೆ ಬಂತು. ಅಕ್ಕನ ಶ್ರುತಿ ಕಪ್ಪು ನಾಲ್ಕು, ಅಂದರೆ ಜಿ ಶಾರ್ಪ್. ಮೊದಲ ಫ್ರೆಟ್‌ಗೆ (ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿ) ಕೇಪೋ, ಅಂದರೆ ಎಲ್ಲ ತಂತಿ ಒಟ್ಟಿಗೆ ಒತ್ತುವ ಕ್ಲಿಪ್, ಹಾಕಿದರೆ ಮೂರನೇ ತಂತಿ ಬಿಟ್ಟ ದನಿಯಲ್ಲೇ ಸ, ನಾಲ್ಕನೆಯದು ಪ. ಅವೆರಡನ್ನೂ ತಂಬೂರಿಯ ಹಾಗೆ ಮೀಟುತ್ತಾ, ಎರಡನೇ ತಂತಿಯನ್ನು ಎಳೆದು ಗಮಕ ನುಡಿಸುವುದು ನನ್ನ ಯೋಚನೆ.

ಮೊದಲ ಟೇಕ್ ಕೇಳಿದ ಕೂಡಲೇ ಅಕ್ಕ, "ನೀನು ತಂತಿ ಎಳೆದಾಗೆಲ್ಲ ಸ ಇಳೀತದೆ, ಅದನ್ನು ನೋಡು ಮೊದಲು" ಅಂದಳು. ಅವಳ ಕಿವಿ ಸರಿ. ಈ ಗಿಟಾರಿನ ಬ್ರಿಡ್ಜ್ ಟ್ರೆಮೊಲೊ ಬಗೆಯದು, ಹಿಂದಿನ ಸ್ಪ್ರಿಂಗ್‌ಗಳ ಎಳೆತದ ಮೇಲೆ ತೂಗುತ್ತಿರುತ್ತದೆ. ಒಂದು ತಂತಿಯನ್ನು ಬಲವಾಗಿ ಎಳೆದರೆ ಬ್ರಿಡ್ಜ್ ಕೂದಲೆಳೆಯಷ್ಟು ಮುಂದಕ್ಕೆ ವಾಲುತ್ತದೆ, ಉಳಿದ ತಂತಿಗಳು ಸಡಿಲಾಗುತ್ತವೆ. ಬರೀ ರಾಕ್ ಸೋಲೋ ನುಡಿಸುವವರಿಗೆ ಇದು ಗೊತ್ತೇ ಆಗದಿರಬಹುದು. ಜೊತೆಯಲ್ಲಿ ಸ ನಿಲ್ಲಬೇಕಾದ ಸಂಗೀತದಲ್ಲಿ ಇದನ್ನು ಬಿಟ್ಟು ಮುಂದೆ ಹೋಗಲು ಆಗುವುದಿಲ್ಲ.

ಪರಿಹಾರ ಕಷ್ಟವಿಲ್ಲ. ಹಿಂದಿನ ಪ್ಲಾಸ್ಟಿಕ್ ಮುಚ್ಚಳ ತೆಗೆದೆ. ಒಳಗೆ ಸ್ಪ್ರಿಂಗ್‌ಗಳು ಸಿಕ್ಕಿಸಿರುವ ಲೋಹದ ಪಟ್ಟಿಯನ್ನು ಎರಡು ಉದ್ದ ಸ್ಕ್ರೂ ಮರಕ್ಕೆ ಹಿಡಿದಿರುತ್ತವೆ. ಇನ್ನೊಂದು ಸ್ಪ್ರಿಂಗ್ ಸೇರಿಸಿ, ಆ ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆ. ಪ್ರತಿ ಸಲ ಬಿಗಿ ಮಾಡಿದಾಗಲೂ ಮತ್ತೆ ಶ್ರುತಿ ಮಾಡಿಕೊಳ್ಳಬೇಕು, ಅವಸರ ಮಾಡುವಂತಿಲ್ಲ. ಬ್ರಿಡ್ಜ್ ಮರಕ್ಕೆ ಗಟ್ಟಿಯಾಗಿ ಒರಗಿ ಕೂತ ಮೇಲೆ ತಂತಿ ಎಳೆದು ನೋಡಿದೆ. ಟ್ಯೂನರ್‌ನಲ್ಲಿ ಸ ಅಲ್ಲಾಡಲಿಲ್ಲ. ಬ್ರಿಡ್ಜ್ ಅಲ್ಲಾಡಿಸುವ ಟ್ರೆಮೊಲೊ ಕೋಲನ್ನು ತೆಗೆದು ಡ್ರಾಯರಿನಲ್ಲಿಟ್ಟಿದ್ದೇನೆ, ನಮ್ಮ ಹಾಡುಗಳಿಗೆ ಅದು ಬೇಡ.

ತಂತಿ 10ರ ಸೆಟ್ (ತಂತಿಯ ದಪ್ಪದ ನಂಬರ್) ಹಾಕಿಸಿದೆ. 9ರದ್ದು ಎಳೆಯಲು ಹಗುರ, ಆದರೆ ಬೆರಳು ಸ್ವಲ್ಪ ಜೋರಾಗಿ ಒತ್ತಿದರೂ ಸ್ವರ ಏರುತ್ತದೆ. ತಂತಿ ದಪ್ಪಗಾದ ಮೇಲೆ ಇಂಟೋನೇಶನ್, ಅಂದರೆ ಎಲ್ಲ ಫ್ರೆಟ್‌ನಲ್ಲೂ ಸ್ವರ ಶ್ರುತಿಯಲ್ಲಿದೆಯೇ ಅಂತ, ಮತ್ತೆ ನೋಡಲೇಬೇಕು. ಹನ್ನೆರಡನೇ ಫ್ರೆಟ್ ಮೇಲೆ ಬೆರಳು ಬರೀ ತಾಗಿಸಿ ಹಾರ್ಮೋನಿಕ್ ಮೀಟಿ, ಅದೇ ಫ್ರೆಟ್ ಒತ್ತಿ ಮೀಟಿ, ಎರಡೂ ಒಂದೇ ಆಗುವವರೆಗೆ ಬ್ರಿಡ್ಜ್ ಮೇಲೆ ತಂತಿ ಒರಗುವ ಸ್ಯಾಡಲ್ ಸರಿಸಬೇಕು. ಒತ್ತಿದ ಸ್ವರ ಮೇಲಿದ್ದರೆ ಸ್ಯಾಡಲ್ ಹಿಂದಕ್ಕೆ, ಕೆಳಗಿದ್ದರೆ ಮುಂದಕ್ಕೆ. ನಟ್‌ನ (ಕುತ್ತಿಗೆಯ ಮೇಲ್ತುದಿಯಲ್ಲಿ ತಂತಿ ಕೂರುವ ಪಟ್ಟಿ) ಗೀರುಗಳಲ್ಲಿ ಪೆನ್ಸಿಲ್ ಸೀಸದ ಪುಡಿ ತುಂಬಿದೆ, ತಂತಿ ಸಿಕ್ಕಿಕೊಳ್ಳದೆ ಜಾರುತ್ತದೆ. ಕುತ್ತಿಗೆಯ ಬಾಗು ಹೊಂದಿಸುವ ಟ್ರಸ್ ರಾಡ್ ಕೆಲಸ ಮಾತ್ರ ತಿಳಿದವರ ಹತ್ತಿರ ಮಾಡಿಸಿದೆ.

ಮಳೆಗಾಲದ ತೇವಕ್ಕೆ ನಮ್ಮಲ್ಲಿ ತಂತಿ ಬೇಗ ತುಕ್ಕು ಹಿಡಿಯುತ್ತದೆ. ಹಾಗಾಗಿ ಲೇಪನ ಇರುವ ತಂತಿಗೇ ದುಡ್ಡು ಹಾಕಿದೆ. ನುಡಿಸಿದ ಮೇಲೆ ಬಟ್ಟೆಯಲ್ಲಿ ಒರೆಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಕೇಸಿನಲ್ಲಿಡುತ್ತೇನೆ.

ಈಗ ಎಲ್ಲಿದ್ದೇವೆ

ಇಂಟರ್‌ಫೇಸ್‌ನಲ್ಲಿ ಇನ್‌ಸ್ಟ್ರುಮೆಂಟ್ ಬಟನ್ ಒತ್ತಿಯೇ ರೆಕಾರ್ಡ್ ಮಾಡುತ್ತೇನೆ. ಲೈನ್‌ಗೆ ಹಾಕಿದರೆ ಪಿಕಪ್‌ನ ಮೇಲಿನ ಹೊಳಪೆಲ್ಲ ಸತ್ತುಹೋಗುತ್ತದೆ. ಗೇನ್ ಎಷ್ಟೇ ಜೋರಾಗಿ ಮೀಟಿದರೂ ಮೈನಸ್ 10 ಡೆಸಿಬೆಲ್ ದಾಟದ ಹಾಗೆ. ಸಿಂಗಲ್ ಕಾಯಿಲ್‌ನಲ್ಲಿ ನುಡಿಸುವಾಗ ಲ್ಯಾಪ್‌ಟಾಪ್ ಚಾರ್ಜರ್ ತೆಗೆದು, ಟ್ಯೂಬ್‌ಲೈಟ್ ಆರಿಸಿ, ಕುರ್ಚಿಯನ್ನು ನಿಧಾನಕ್ಕೆ ತಿರುಗಿಸುತ್ತೇನೆ. ಒಂದು ಕೋನದಲ್ಲಿ ಗುಂಯ್ ತೀರಾ ಇಳಿಯುತ್ತದೆ. ಆ ಜಾಗಕ್ಕೆ ನೆಲದ ಮೇಲೆ ಟೇಪ್ ಅಂಟಿಸಿದ್ದೇನೆ.

ಎರಡು ಹಾಡುಗಳ ಕಾರ್ಡ್ ಭಾಗ ಮುಗಿದಿದೆ. ಗಮಕದ ಸಾಲನ್ನು ಬ್ರಿಡ್ಜ್ ಸರಿಯಾದ ಮೇಲೆ ಮತ್ತೆ ನುಡಿಸಿದೆ, ಅಕ್ಕ ಒಪ್ಪಿದ್ದಾಳೆ. ಮುಂದಿನ ಕೆಲಸ ಗುಂಯ್ ತಡೆಯಲು ಗಿಟಾರಿನ ಒಳಗಿನ ಗುಳಿಗಳಿಗೆ ತಾಮ್ರದ ಟೇಪ್ ಹೊದಿಸಿ ಗ್ರೌಂಡ್‌ಗೆ ಬೆಸುಗೆ ಹಾಕುವುದು. ಅದಕ್ಕೂ ಮೊದಲು ಅದೇ ಹತ್ತು ಸೆಕೆಂಡ್ ಖಾಲಿ ರೆಕಾರ್ಡಿಂಗ್, ಆದ ಮೇಲೆ ಇನ್ನೊಂದು. ಎರಡನ್ನೂ ಪಕ್ಕಪಕ್ಕ ಇಟ್ಟು ಎಷ್ಟು ಡೆಸಿಬೆಲ್ ಇಳಿಯಿತು ಅಂತ ಮುಂದಿನ ಸಲ ಬರೆಯುತ್ತೇನೆ.